ಫೋನು ಅಪ್ಪನ ಜೇಬಿನಲ್ಲಿದೆ, ಪಾಠ ಮನೆಯಲ್ಲಿ ಆಗಬೇಕಿದೆ

2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ದಿನ ಶಾಲೆಗೆ ಬೀಗ ಬೀಳುವ ಕಾಲ ಮತ್ತೆ ಬಾರದಿರಲಿ. ಆದರೆ ಹತ್ತು ದಿನ, ಹದಿನೈದು ದಿನ ಮಗು ಮನೆಯಲ್ಲೇ ಉಳಿಯುವುದು ಈಗಲೂ ಇದ್ದದ್ದೇ. ಹಳ್ಳ ತುಂಬಿ ದಾರಿ ಕಟ್ಟಾಗುತ್ತದೆ, ಓಣಿಯಲ್ಲಿ ಸೀತಾಳೆ ಸಿಡುಬು ಏಳುತ್ತದೆ, ಇಲ್ಲವೇ ಅಪ್ಪ-ಅವ್ವ ಗುಳೆ ಹೊರಡುತ್ತಾರೆ. ಸಿಂಧನೂರು, ಲಿಂಗಸುಗೂರು, ಕುಷ್ಟಗಿ, ಗಂಗಾವತಿ, ಸಿರುಗುಪ್ಪ, ಸಂಡೂರು ಸೀಮೆಯಲ್ಲಿ ಅಂಥ ಮನೆಗಳಿಗೆ ಹೆಗಲು ಕೊಡುವ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಡಿಗ್ರಿ ಓದುತ್ತಿರುವ ಊರ ಹುಡುಗ-ಹುಡುಗಿಯರಿಗೆ ಈ ಬರಹ.

ಮೊದಲೇ ಒಂದು ಮಾತು. ಫೋನು ಪಾಠವನ್ನು ಬಾಗಿಲತನಕ ಮುಟ್ಟಿಸುತ್ತದೆ, ಅಷ್ಟೇ. ಪಾಠ ಆಗುವುದು ಮಗುವಿನ ಬಾಯಲ್ಲಿ, ಬೆರಳಲ್ಲಿ, ಎದುರು ಕೂತು ಕೇಳುವ ಅವ್ವನ ಮುಂದೆ. ಅವ್ವನಿಗೆ ಅಕ್ಷರ ಬಾರದಿದ್ದರೂ ಇದು ಆಗುತ್ತದೆ, ನಾವು ಕಳಿಸುವ ಕೆಲಸವನ್ನು ಆಕೆಯ ಕೈಗೆಟುಕುವಂತೆ ಕಟ್ಟಿದ್ದರೆ.

ಮೊದಲು ಮನೆ ತಿಳಿಯಿರಿ

ಗುಂಪು ಕಟ್ಟುವ ಮುಂಚೆ ಮನೆಗೊಂದು ಹಾಳೆ ಮಾಡಿ. ಕೇಳಬೇಕಾದದ್ದು ಇಷ್ಟು: ಫೋನು ಯಾರದು, ಟಚ್ ಫೋನೋ ಕೀಪ್ಯಾಡೋ? ಅದು ಮನೆಗೆ ಬರುವುದು ಎಷ್ಟು ಗಂಟೆಗೆ? ರೀಚಾರ್ಜು ಯಾವ ತಾರೀಖಿಗೆ ಮುಗಿಯುತ್ತದೆ? ಮನೆಯಲ್ಲಿ ಓದು ಬರುವವರು ಯಾರು? ಮನೆಮಾತು ಕನ್ನಡವೋ, ತೆಲುಗೋ, ಉರ್ದುವೋ, ಲಂಬಾಣಿಯೋ? ಮಗು ಹಗಲು ಯಾರನ್ನು ಎತ್ತಿಕೊಂಡಿರುತ್ತದೆ? ಕೊನೆಯ ಪ್ರಶ್ನೆ ಬಿಡಬೇಡಿ. ನಾಲ್ಕನೇ ತರಗತಿಯ ಹುಡುಗಿಯ ಸೊಂಟದ ಮೇಲೆ ಒಂದು ವರ್ಷದ ತಮ್ಮ ಇದ್ದರೆ, ಆಕೆಗೆ ಹಗಲಿನ ಪಾಠ ಕಳಿಸಿ ಫಲವಿಲ್ಲ.

ಉತ್ತರ ನೋಡಿ ಹಾಳೆಗಳನ್ನು ಮೂರು ಪಾಲು ಮಾಡಿ: ಸಂಜೆಯಾದರೂ ಟಚ್ ಫೋನು ಕೈಗೆ ಸಿಗುವ ಮನೆ, ಕೀಪ್ಯಾಡ್ ಮಾತ್ರ ಇರುವ ಮನೆ, ಯಾವುದೂ ಇಲ್ಲದ ಮನೆ. ಎಲ್ಲರೂ ಎಡವುವುದು ಇಲ್ಲೇ. ಮೊದಲ ಪಾಲಿನವರಿಗೆ ಪಾಠ ಕಟ್ಟಿ, ಉಳಿದವರಿಗೆ ಅದನ್ನೇ ಹೇಗೋ ಮುಟ್ಟಿಸೋಣ ಎಂದುಕೊಳ್ಳುತ್ತೇವೆ. ತಿರುಗಿಸಿ ಮಾಡಿ. ಮೂರನೇ ಪಾಲಿನ ಮನೆಗೆ ಕಾಗದದಲ್ಲಿ ಪಾಠ ಕಟ್ಟಿ, ಅದೇ ಎಲ್ಲರ ಪಾಠವಾಗಲಿ. ಫೋನು ಇರುವವರಿಗೆ ದನಿ ಹೆಚ್ಚುವರಿ.

ಫೋನಿನ ಲೆಕ್ಕ

ವಾಟ್ಸ್‌ಆ್ಯಪ್ ಗುಂಪು ತರಗತಿಗೊಂದು ಸಾಕು. ಸಂದೇಶ ಹಾಕುವ ಅವಕಾಶ ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಸೆಟ್ಟಿಂಗ್ ಬದಲಿಸಿ. ಇಲ್ಲದಿದ್ದರೆ ಎರಡೇ ದಿನದಲ್ಲಿ ಶುಭೋದಯದ ಚಿತ್ರಗಳ ಕೆಳಗೆ ಪಾಠ ಹೂತುಹೋಗುತ್ತದೆ. ಮಕ್ಕಳ ಉತ್ತರ ಶಿಕ್ಷಕರ ನಂಬರಿಗೆ ನೇರ ಬರಲಿ. ಒಂದು ಮಗುವಿನ ತಪ್ಪನ್ನು ನಲವತ್ತು ಮನೆ ನೋಡುವುದು ಬೇಡ.

ಆಮೇಲೆ ಪ್ರತಿ ಮನೆಯ ಫೋನನ್ನೂ ಒಮ್ಮೆ ಕೈಗೆ ತೆಗೆದುಕೊಂಡು ಎರಡು ಕೆಲಸ ಮಾಡಿಕೊಡಿ. ಒಂದು, ಫೋಟೊ-ವಿಡಿಯೊ ತಾನಾಗಿಯೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಎರಡು, ಹಳೆಯ ಫಾರ್ವರ್ಡ್ ವಿಡಿಯೊ ಅಳಿಸಿ 1 ಜಿಬಿಯಾದರೂ ಜಾಗ ಮಾಡಿ. ‘ಟೀಚರ್ ಕಳಿಸಿದ್ದು ಓಪನ್ನೇ ಆಗವಲ್ದು’ ಎಂಬ ದೂರು ಬಂದ ಕಡೆ ಮೊದಲು ಜಾಗ ನೋಡಿ. ನೆಟ್‌ವರ್ಕು ಸರಿಯಿದ್ದು ಫೋನು ತುಂಬಿರುವುದೇ ಹೆಚ್ಚು.

720ಪಿ ವಿಡಿಯೊ ಒಂದು ಗಂಟೆ ನೋಡಿದರೆ ಸುಮಾರು 1 ಜಿಬಿ ಖರ್ಚು. ದಿನಕ್ಕೆ 1 ಜಿಬಿಯ ಪ್ಯಾಕಿನಲ್ಲಿ ಅಣ್ಣ, ಅಕ್ಕ, ತಮ್ಮ ಮೂವರೂ ಓದುವ ಮನೆಗೆ ಅದು ಬರೆ. ಅದೇ ಒಂದು ನಿಮಿಷದ ದನಿ ಸಂದೇಶಕ್ಕೆ 200 ಕೆಬಿಯೂ ಬೇಕಾಗುವುದಿಲ್ಲ. ಒಂದು ಪುಟದ ಫೋಟೊ ಕೂಡ ಅಷ್ಟರ ಸುತ್ತಮುತ್ತಲೇ. ಹಾಗಾಗಿ ದಿನಕ್ಕೊಂದು ಫೋಟೊ, ಎರಡು ದನಿ ಸಂದೇಶ, ಇದಕ್ಕಿಂತ ಹೆಚ್ಚು ಬೇಡ. ವಿಡಿಯೊ ಬೇಕೇ ಬೇಕೆಂದರೆ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಪಾಠಗಳ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಶಾಲೆಯಲ್ಲೋ ಪಂಚಾಯಿತಿಯಲ್ಲೋ ವೈಫೈ ಇದ್ದ ಕಡೆ ಇಳಿಸಿಟ್ಟುಕೊಳ್ಳಬಹುದು. ಆಮೇಲೆ ನೆಟ್ ಇಲ್ಲದೆಯೂ ಓಡುತ್ತದೆ.

ದನಿ ಸಂದೇಶ ಒಂದೂವರೆ ನಿಮಿಷ ದಾಟಬಾರದು. ಪುಸ್ತಕದ ಪುಟವನ್ನು ಅಂಕಿಯಿಂದಲೂ ಚಿತ್ರದಿಂದಲೂ ಗುರುತಿಸಿ ಹೇಳಿ, ಅಂಕಿ ಓದಲಾರದ ಅವ್ವನೂ ತೆಗೆಯುವಂತೆ. ಊರ ಮಾತಿನಲ್ಲೇ ಇರಲಿ:

‘ಅಕ್ಕಾರ, ಕನ್ನಡ ಪುಸ್ತಕದಾಗ ಕೋಳಿ ಚಿತ್ರ ಐತಲ್ರಿ, ಆ ಪುಟ ತಗಸ್ರಿ. ಕೆಳಗಿನ ನಾಕು ಸಾಲು ಬೆರಳಿಟ್ಟು ಓದಸ್ರಿ. ಆಮ್ಯಾಲ ಪುಸ್ತಕ ಮುಚ್ಚಿ, ಏನು ಓದಿದಿ ನನಗ ಹೇಳು ಅನ್ರಿ. ಅಷ್ಟೇ ಇವತ್ತಿನ ಕೆಲಸ.’

‘ಅಷ್ಟೇ’ ಅನ್ನುವುದನ್ನು ಮರೆಯಬೇಡಿ. ಕೆಲಸಕ್ಕೊಂದು ಕೊನೆ ಇದೆ ಎಂದು ತಿಳಿದರೆ ಮಾತ್ರ ಹೊಲದಿಂದ ದಣಿದು ಬಂದವರು ಶುರು ಮಾಡುತ್ತಾರೆ.

ಕೀಪ್ಯಾಡ್ ಮನೆಗಳಿಗೆ ಕಾನ್ಫರೆನ್ಸ್ ಕರೆ ಇದೆ. ನಾಲ್ಕು ಮಕ್ಕಳನ್ನು ಒಂದೇ ಕರೆಗೆ ಸೇರಿಸಿ, ಹನ್ನೆರಡು ನಿಮಿಷ. ಮೊದಲ ಎರಡು ನಿಮಿಷ ಹೆಸರು ಹಿಡಿದು ಮಾತಾಡಿಸಿ. ಆಮೇಲೆ ಮಕ್ಕಳು ಸರದಿಯಂತೆ ಎರಡೆರಡು ಸಾಲು ಓದಲಿ, ಒಬ್ಬರು ಓದುವಾಗ ಉಳಿದವರು ಅದೇ ಸಾಲಿನ ಮೇಲೆ ಬೆರಳಿಡಲಿ. ನಡುವೆ ತಟ್ಟನೆ ‘ಈಗ ಯಾವ ಪದ?’ ಎಂದು ಇನ್ನೊಬ್ಬರನ್ನು ಕೇಳಿದರೆ ಯಾರ ಬೆರಳು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಕರೆ ಶಿಕ್ಷಕರ ಕಡೆಯಿಂದಲೇ ಹೋಗಲಿ. ಒಳಬರುವ ಕರೆಗೆ ಮನೆಯವರು ದುಡ್ಡು ತೆರಬೇಕಿಲ್ಲ.

ಗೂಟದ ಚೀಲ

ಮಗುವಿಗೊಂದು ಬಟ್ಟೆ ಚೀಲ. ಒಳಗೆ ಪಠ್ಯಪುಸ್ತಕ, ಸ್ಲೇಟು, ಐದಾರು ಬಳಪ, 100 ಪುಟದ ಎರಡು ನೋಟ್‌ಬುಕ್ಕು, ಎರಡು ಪೆನ್ಸಿಲ್ಲು, ರಬ್ಬರು, ಮೆಂಡರು, ಕಥೆ ಪುಸ್ತಕ ಎರಡು. ಜೊತೆಗೆ ಬೆರಳುದ್ದ ಕತ್ತರಿಸಿದ ನೂರು ಕಸಬರಿಗೆ ಕಡ್ಡಿ, ಹಳೇ ಸೈಕಲ್ ಟ್ಯೂಬಿನಿಂದ ಕೊಯ್ದ ಹತ್ತು ಬಳೆ. ಅಂಗಡಿಯ ರಬ್ಬರ್ ಬ್ಯಾಂಡು ನಮ್ಮ ಏಪ್ರಿಲ್ ಬಿಸಿಲಿಗೆ ವಾರದಲ್ಲಿ ಹರಿಯುತ್ತದೆ, ಟ್ಯೂಬಿನ ಬಳೆ ವರ್ಷ ಬಾಳುತ್ತದೆ. ಎಣಿಸಲು ಹುಣಸೆ ಬೀಜವೂ ಒಳ್ಳೆಯದೇ, ಆದರೆ ಮೂರು ವರ್ಷದೊಳಗಿನ ಕೂಸು ಇರುವ ಮನೆಗೆ ಕೊಡಬೇಡಿ, ಮೂಗಿಗೆ ಗಂಟಲಿಗೆ ಹೋಗುತ್ತದೆ.

ಚೀಲ ಗೋಡೆಯ ಗೂಟದಲ್ಲಿ, ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ ತೂಗಲಿ. ನೆಲಕ್ಕಿಟ್ಟರೆ ತಮ್ಮ ಹರಿಯುತ್ತಾನೆ, ಇಲಿ ಕಡಿಯುತ್ತದೆ. ಟ್ರಂಕಿನಲ್ಲಿಟ್ಟರೆ ತೆಗೆಯುವುದೇ ಇಲ್ಲ. ಕಥೆ ಪುಸ್ತಕಕ್ಕೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ.

ಯಾವ ಹೊತ್ತು, ಎಷ್ಟು ಹೊತ್ತು

ಕೇಂದ್ರ ಸರ್ಕಾರ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತ’ ಮಾರ್ಗಸೂಚಿ, ಒಂದರಿಂದ ಎಂಟನೇ ತರಗತಿಗೆ ಆನ್‌ಲೈನ್ ಪಾಠ ದಿನಕ್ಕೆ 30-45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತ್ತು. ಅದು ಮೇಲಿನ ಮಿತಿ. ಒಂದರಿಂದ ಮೂರನೇ ತರಗತಿಯ ಮಗು ಮನೆಯಲ್ಲಿ ಒಂದೇ ಸಮನೆ ಕೂರುವುದು ಇಪ್ಪತ್ತು ನಿಮಿಷ. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಜವಾಗಿ ನಡೆದರೆ ಸಾಕು. ನಾಲ್ಕು-ಐದನೇ ತರಗತಿಗೆ ಅರ್ಧ ಗಂಟೆಯಂತೆ ಎರಡು ಸಲ, ಜೊತೆಗೆ ತಾನೇ ಓದಿಕೊಳ್ಳುವ ಸ್ವಲ್ಪ ಹೊತ್ತು.

ಗಂಟೆಯನ್ನು ನೀವು ಗೊತ್ತು ಮಾಡಬೇಡಿ, ಮನೆ ಮಾಡಲಿ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ, ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ, ಕೂಲಿಯವರ ಗಾಡಿ ಬೆಳಗಾಗುತ್ತಲೇ ಹೊರಡುತ್ತದೆ. ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಆ ಮನೆಗೆ ರೊಟ್ಟಿ ಬಡಿಯುವ ವೇಳೆಯೇ ಪಾಠದ ವೇಳೆ. ಅವ್ವ ಒಲೆ ಮುಂದೆ, ಮಗು ಮೂರು ಮಾರು ಆಚೆ ಬೆಳಕಿರುವ ಕಡೆ, ಓದುವುದು ಕೇಳುವಷ್ಟು ಹತ್ತಿರ. ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಹನ್ನೊಂದರಿಂದ ಐದರತನಕ ಯಾವ ಪಾಠವೂ ಬೇಡ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಮಗು ಮಂಕಾದರೆ ಅದನ್ನು ಸೋಮಾರಿತನ ಎಂದು ಓದಬೇಡಿ.

ಮಧ್ಯಾಹ್ನದ ಹಸಿವನ್ನೂ ನೆನಪಿಡಿ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದೇ ನಮ್ಮ ಈ ಜಿಲ್ಲೆಗಳಲ್ಲಿ. ಶಾಲೆ ಮುಚ್ಚಿದರೆ ಬಿಸಿಯೂಟವೂ ನಿಲ್ಲುತ್ತದೆ. ಮನೆಭೇಟಿಯಲ್ಲಿ ಮೊದಲ ಪ್ರಶ್ನೆ ‘ಊಟ ಆತೇನ?’ ಎಂದಿರಲಿ, ‘ಬರದಿಯೇನ?’ ಆಮೇಲೆ.

ಓದು ಬಾರದ ಅವ್ವ ಓದಿಸುವ ಬಗೆ

ಹೆಚ್ಚಿನ ತಾಯಂದಿರು ‘ನನಗೇನ್ ಬರತೈತ್ರಿ’ ಎಂದು ಹಿಂದೆ ಸರಿಯುತ್ತಾರೆ. ಅವರಿಗೆ ನಾಲ್ಕು ಕೆಲಸ ಮಾಡಿ ತೋರಿಸಿ, ಹೇಳಿ ಬಿಡಬೇಡಿ.

ಬೆರಳು ನೋಡುವುದು. ಮಗುವಿನ ಬೆರಳು ಪದದಿಂದ ಪದಕ್ಕೆ ಹೋಗುತ್ತಿದೆಯೇ, ಇಲ್ಲ ಸಾಲಿನ ಮೇಲೆ ಸುಮ್ಮನೆ ಜಾರುತ್ತಿದೆಯೇ? ಜಾರುತ್ತಿದ್ದರೆ, ಅಥವಾ ಕಣ್ಣು ಪುಸ್ತಕದ ಮೇಲಿಲ್ಲದೆ ಅವ್ವನ ಮುಖದ ಮೇಲಿದ್ದರೆ, ಅದು ಬಾಯಿಪಾಠ.

ಕೆಳಗಿನಿಂದ ಓದಿಸುವುದು. ಬಾಯಿಪಾಠವೆಂಬ ಅನುಮಾನ ಬಂದರೆ ‘ಕಡೇ ಸಾಲಿಂದ ಮ್ಯಾಲಕ ಓದು’ ಎನ್ನಲಿ. ಅಕ್ಷರ ಬಲ್ಲ ಮಗು ನಿಧಾನವಾಗಿಯಾದರೂ ಓದುತ್ತದೆ, ಬಾಯಿಪಾಠದ ಮಗು ನಿಂತುಬಿಡುತ್ತದೆ.

ಬೆರಳು ಮಡಚುವುದು. ಮಗು ತಡವರಿಸಿ ನಿಂತಾಗಲೆಲ್ಲ ಅವ್ವ ತನ್ನ ಒಂದು ಬೆರಳು ಮಡಚಲಿ. ಒಂದು ಪುಟಕ್ಕೆ ಐದು ಬೆರಳೂ ಮಡಚಿದರೆ ಆ ಪುಟ ಈ ಮಗುವಿಗೆ ಭಾರ, ಹಿಂದಿನ ಪಾಠಕ್ಕೆ ಹೋಗಬೇಕು. ತಪ್ಪು ಯಾವುದೆಂದು ಅವ್ವನಿಗೆ ಗೊತ್ತಾಗದಿದ್ದರೂ ತಡೆ ಎಷ್ಟು ಸಲ ಆಯಿತೆಂದು ಗೊತ್ತಾಗುತ್ತದೆ. ಶಿಕ್ಷಕರಿಗೆ ಬೇಕಾದ ಮಾಹಿತಿ ಅದೇ: ‘ಟೀಚರ್ರ, ಇವತ್ತ ಮೂರು ಬೆರಳ.’

ಕೊನೆಗೆ ಪುಸ್ತಕ ಮುಚ್ಚಿಸಿ ‘ಏನು ಓದಿದಿ, ನನಗ ಹೇಳು’ ಎನ್ನುವುದು. ಮಗು ಮನೆಮಾತಿನಲ್ಲೇ ಹೇಳಲಿ, ತೆಲುಗಾದರೂ ಲಂಬಾಣಿಯಾದರೂ ಸರಿ. ಕಥೆ ತಿಳಿದಿದೆಯೇ ಎಂಬುದು ಮುಖ್ಯ.

ಓದಿನ ವೇಗದ ಬಗ್ಗೆ ಒಂದು ಎಚ್ಚರ. ಚಿಕ್ಕ ಮಕ್ಕಳ ಓದು, ಲೆಕ್ಕದ ಅಡಿಪಾಯಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಯಂತೆ ಮೂರನೇ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. ಆದರೆ ಕನ್ನಡದ ‘ಮನೆಯವರೆಲ್ಲರೂ’ ಒಂದೇ ಪದ, ಇಂಥ ಉದ್ದ ಪದಗಳಿರುವಾಗ ಬರೀ ಎಣಿಕೆಯಿಂದ ಓದನ್ನು ಅಳೆಯಲಾಗದು. ಗಡಿಯಾರ ಹಿಡಿದು ಮಗುವನ್ನು ಅಂಜಿಸುವ ಕೆಲಸ ಮನೆಗೆ ಒಪ್ಪಿಸಬೇಡಿ.

ಒತ್ತಕ್ಷರದಲ್ಲಿ ಸಿಕ್ಕಿಕೊಂಡಾಗ

ಮನೆಯಲ್ಲಿ ಕಲಿಯುವ ಮಗು ಹೆಚ್ಚಾಗಿ ನಿಲ್ಲುವುದು ಇಲ್ಲಿ. ‘ಹಳ್ಳಿ’ ಎಂದಿದ್ದರೆ ‘ಹಳಿಳ’ ಎಂದು ಓದುತ್ತದೆ. ಮಗುವಿನದೇನೂ ದಡ್ಡತನವಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಗುಡಿಸು ಮೇಲಿನ ಅಕ್ಷರದ ಮೇಲೆ ಕೂತಿರುತ್ತದೆ, ಆದರೆ ನುಡಿಯುವಾಗ ಅದು ಕೆಳಗಿನ ಒತ್ತಿಗೆ ಸೇರಬೇಕು. ಇದನ್ನು ಯಾರೂ ಬಿಡಿಸಿ ಹೇಳಿಲ್ಲವೆಂದರೆ ಮಗು ತಾನಾಗಿ ಕಂಡುಕೊಳ್ಳುವುದು ಕಷ್ಟ.

ದನಿಯಲ್ಲಿ ಕಲಿಸಲು ಇದಕ್ಕಿಂತ ತಕ್ಕ ವಿಷಯ ಇನ್ನೊಂದಿಲ್ಲ. ಚಪ್ಪಾಳೆ ತಟ್ಟುತ್ತ ನಲವತ್ತು ಸೆಕೆಂಡಿನ ಸಂದೇಶ ಮಾಡಿ: ರೊ-ಟ್-ಟಿ, ರೊಟ್ಟಿ. ಹ-ಳ್-ಳಿ, ಹಳ್ಳಿ. ನಡುವಿನ ತುಂಡಿಗೆ ಬಾಯಿ ಕ್ಷಣ ಕಟ್ಟಿ ನಿಲ್ಲಬೇಕು, ಆ ನಿಲುಗಡೆಯೇ ಒತ್ತು. ಮೊದಲ ಮೂರು ದಿನ ಸ್ಲೇಟು ಮುಟ್ಟಿಸಬೇಡಿ, ಬರೀ ಬಾಯಿ ಮತ್ತು ಚಪ್ಪಾಳೆ.

ಆಮೇಲೆ ಬರವಣಿಗೆ, ಅದೂ ಎರಡು ಕಂತಿನಲ್ಲಿ. ಮೂಲ ಅಕ್ಷರವನ್ನೇ ಹೋಲುವ ಒತ್ತುಗಳು ಮೊದಲು: ಅಕ್ಕ, ಅಪ್ಪ, ಅಜ್ಜಿ, ರೊಟ್ಟಿ, ಎಣ್ಣೆ, ಅವ್ವ, ಹಳ್ಳಿ. ಇವುಗಳಲ್ಲಿ ತಲೆಕಟ್ಟು ತೆಗೆದ ಅಕ್ಷರವೇ ಕೆಳಗೆ ಕೂರುತ್ತದೆ, ತಲೆಕಟ್ಟಿಲ್ಲದ್ದು ಹಾಗೇ ಕೂರುತ್ತದೆ. ರೂಪ ಬದಲಿಸುವ ತ, ನ, ಮ, ಯ, ರ, ಲ ಒತ್ತುಗಳು ಎರಡನೇ ಕಂತಿಗೆ: ಹತ್ತಿ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಎರಡನ್ನೂ ಒಟ್ಟಿಗೆ ಸುರಿದರೆ ಮಗು ‘ಅನ್ನ’ದ ಕೆಳಗೆ ಇಡೀ ‘ನ’ವನ್ನೇ ಬರೆಯುತ್ತದೆ. ಸೂರ್ಯ, ಪರ್ವತದಂಥ ಅರ್ಕಾವತ್ತಿನ ಪದಗಳಲ್ಲಿ ಆಮೇಲೆ ಬರೆದದ್ದನ್ನು ಮೊದಲು ನುಡಿಯಬೇಕು. ಅವನ್ನು ಶಾಲೆ ತೆರೆಯುವತನಕ ತಡೆಹಿಡಿದರೂ ನಷ್ಟವಿಲ್ಲ.

ಒತ್ತು ಯಾಕೆ ಬೇಕೆಂದು ಮಗುವಿಗೆ ತಿಳಿಸಲು ಜೋಡಿ ಪದ ಸಾಕು: ಕತೆ-ಕತ್ತೆ, ಬಳಿ-ಬಳ್ಳಿ, ಹಳಿ-ಹಳ್ಳಿ. ‘ಅಜ್ಜಿ ಕತ್ತೆ ಹೇಳಿದಳು’ ಎಂದು ಓದಿದ ಮಗು ತಾನೇ ನಕ್ಕು ತಿದ್ದಿಕೊಳ್ಳುತ್ತದೆ.

ಆಡುಮಾತಿನ ವಿಷಯದಲ್ಲಿ ತಾಳ್ಮೆ ಇರಲಿ. ಪುಸ್ತಕದಲ್ಲಿ ‘ಹೋಗಿದ್ದಾನೆ’ ಇದ್ದು ಮಗು ‘ಹೋಗ್ಯಾನ’ ಎಂದು ಓದಿದರೆ, ಅದು ಅರ್ಥ ಹಿಡಿದು ಓದುತ್ತಿದೆ ಎಂದಾಯಿತು. ಗದರಬೇಡಿ. ‘ಚಲೋ. ಪುಸ್ತಕದಾಗ ಹೆಂಗೈತಿ ನೋಡು’ ಎಂದು ಮತ್ತೊಮ್ಮೆ ಬೆರಳಿಡಿಸಿ.

ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ

ಗಣಿತಕ್ಕೆ ಕಡ್ಡಿ ಕಟ್ಟು. ಹತ್ತು ಕಡ್ಡಿಗೊಂದು ಟ್ಯೂಬಿನ ಬಳೆ ಹಾಕಿದರೆ ಒಂದು ಹತ್ತು. ಎರಡನೇ ತರಗತಿಯ ಮಕ್ಕಳು 52ರಲ್ಲಿ 27 ಕಳೆದು 35 ಎಂದು ಬರೆಯುತ್ತಾರೆ. 2ರಲ್ಲಿ 7 ಹೋಗದೆಂದು 7ರಲ್ಲೇ 2 ಕಳೆದಿರುತ್ತಾರೆ. ಫೋಟೊ ನೋಡಿ ‘ತಪ್ಪು’ ಎಂದು ಕೆಂಪು ಗುರುತು ಹಾಕಿ ಕಳಿಸಿದರೆ ನಾಳೆಯೂ ಅದೇ ತಪ್ಪು ಬರುತ್ತದೆ.

ಮಗುವಿನ ಮುಂದೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಅವ್ವ ಕೈಚಾಚಿ ‘ಏಳು ಬಿಡಿ ಕೊಡು’ ಎನ್ನಲಿ. ಎರಡೇ ಇವೆ. ಇಲ್ಲಿ ಸುಮ್ಮನಿರಬೇಕು, ಮಗು ಕಟ್ಟಿನ ಕಡೆ ತಾನೇ ನೋಡುವತನಕ. ಒಂದು ಕಟ್ಟು ಬಿಚ್ಚಿದರೆ ಬಿಡಿ ಹನ್ನೆರಡು, ಕಟ್ಟು ನಾಲ್ಕು. ಏಳು ಕೊಟ್ಟರೆ ಐದು ಉಳಿಯಿತು. ‘ಈಗ ಎರಡು ಕಟ್ಟು ಕೊಡು.’ ಎರಡು ಕಟ್ಟು ಉಳಿಯಿತು. ಇಪ್ಪತ್ತೈದು. ಮೂರು ದಿನ, ದಿನಕ್ಕೆ ನಾಲ್ಕು ಲೆಕ್ಕ, ಕಡ್ಡಿಯಲ್ಲೇ. ನಾಲ್ಕನೇ ದಿನ ಕಡ್ಡಿಯ ಪಕ್ಕದಲ್ಲಿ ಸ್ಲೇಟಿಟ್ಟು, ಒಂದೊಂದು ನಡೆಯನ್ನೂ ಬರೆಸಿ.

ತಾಯಂದಿರಿಗೆ ‘ಸಾಲ ತಗೊಳ್ಳುವುದು’ ಎಂದರೆ ಗಲಿಬಿಲಿ. ‘ಹತ್ತರ ನೋಟು ಮುರಿಸೋದ್ರಿ’ ಎನ್ನಿ, ತಕ್ಷಣ ಹಿಡಿಯುತ್ತಾರೆ. ಸಂತೆಯಲ್ಲಿ ಚಿಲ್ಲರೆ ಎಣಿಸಿದವರಿಗೆ, ಕಿಲೋ ಲೆಕ್ಕದಲ್ಲಿ ಹತ್ತಿ ಬಿಡಿಸಿ ಕೂಲಿ ಲೆಕ್ಕ ಹಾಕಿದವರಿಗೆ ಈ ಗಣಿತ ಬಾಯಲ್ಲಿ ಬರುತ್ತದೆ. ನಾಲ್ಕು-ಐದನೇ ತರಗತಿಗೆ ವಾರಕ್ಕೊಮ್ಮೆ ಅದೇ ಮನೆಗೆಲಸ ಕೊಡಿ: ಈ ವಾರದ ಸಂತೆ ಲೆಕ್ಕವನ್ನು ಅವ್ವ ಹೇಳಲಿ, ಮಗು ಬರೆಯಲಿ. ಚೌಕಾಬಾರ ಆಡುವ ಮನೆಗೆ ಕೂಡಿಸುವ ಪಾಠವನ್ನು ಬೇರೆ ಕೊಡಬೇಕಿಲ್ಲ.

ನಲಿಕಲಿ ಮಕ್ಕಳಿಗೆ

ಒಂದರಿಂದ ಮೂರನೇ ತರಗತಿಯ ನಲಿಕಲಿ (ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿಯುವ ಪದ್ಧತಿ) ಕಾರ್ಡುಗಳನ್ನು ಫೋಟೊ ಹೊಡೆದು ಸಾಲಾಗಿ ಕಳಿಸುವವರಿದ್ದಾರೆ. ಅದು ಫಲ ಕೊಡುವುದಿಲ್ಲ. ನಲಿಕಲಿಯಲ್ಲಿ ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು ಐದು, ಮೊದಲೆರಡಕ್ಕೆ ಶಿಕ್ಷಕರೇ ಬೇಕು, ಮೂರು-ನಾಲ್ಕಕ್ಕೆ ಗೆಳೆಯರು ಬೇಕು, ಐದನೆಯದು ಸ್ವಕಲಿಕೆ. ಹೊಸದನ್ನು ಕಲಿಸುವ ಕಾರ್ಡನ್ನು ಮನೆಭೇಟಿಗೋ ಕಟ್ಟೆಯ ಮೇಲಿನ ಪಾಠಕ್ಕೋ ಇಟ್ಟುಕೊಳ್ಳಿ. ಅಭ್ಯಾಸದ ಕಾರ್ಡು ಮಾತ್ರ ಮನೆಗೆ ಹೋಗಲಿ. ಗೆಳೆಯರ ಜಾಗಕ್ಕೆ ಪಕ್ಕದ ಮನೆಯ ಒಂದು ಮಗುವನ್ನು ಜೋಡಿ ಮಾಡಿ. ಸಾಂಕ್ರಾಮಿಕ ರೋಗವಿದ್ದಾಗ ಮಾತ್ರ ಈ ಜೋಡಿ ಬೇಡ.

ತಿದ್ದಿ ತಿರುಗಿ ಕಳಿಸುವುದು

ದಿನಕ್ಕೆ ಎಂಟು ಮಕ್ಕಳ ಕೆಲಸವನ್ನಷ್ಟೇ ನೋಡಿ, ಆದರೆ ಸರಿಯಾಗಿ ನೋಡಿ. ಹಾಗೆ ಮಾಡಿದರೆ ನಲವತ್ತು ಮಕ್ಕಳಿಗೆ ವಾರಕ್ಕೊಮ್ಮೆ ಹೆಸರು ಹಿಡಿದ ಉತ್ತರ ಸಿಗುತ್ತದೆ. ಎಲ್ಲರಿಗೂ ಹೆಬ್ಬೆರಳಿನ ಚಿತ್ರ ಒತ್ತಿದರೆ ಹತ್ತು ದಿನದಲ್ಲಿ ಫೋಟೊ ಬರುವುದೇ ನಿಲ್ಲುತ್ತದೆ. ಉತ್ತರದಲ್ಲಿ ಒಂದು ಸರಿ, ಒಂದು ತಿದ್ದುಪಡಿ, ನಾಳೆಯ ಒಂದು ಕೆಲಸ. ಮೂರು ದಿನ ಸುದ್ದಿಯಿಲ್ಲದ ಮನೆಗೆ ಗುಂಪಿನಲ್ಲಿ ಹೆಸರು ಹಾಕಿ ಕೇಳಬೇಡಿ, ಹೋಗಿ ಬನ್ನಿ. ರೀಚಾರ್ಜು ಮುಗಿದಿರಬಹುದು, ಕೂಸಿಗೆ ಜ್ವರ ಇರಬಹುದು, ಮಗುವನ್ನೇ ಕೂಲಿಗೆ ಕರೆದೊಯ್ದಿರಬಹುದು. ಮಗು ದುಡಿಮೆಗೆ ಬಿದ್ದಿದ್ದರೆ, ಬಾಲ್ಯವಿವಾಹದ ಮಾತು ಕಿವಿಗೆ ಬಿದ್ದರೆ 1098ಕ್ಕೆ ಕರೆ ಮಾಡಿ.

ದೊಡ್ಡಕ್ಕನ ಮೇಲೆ ಎಲ್ಲ ಹೊರಿಸಬೇಡಿ. ಏಳನೇ ತರಗತಿಯ ಹುಡುಗಿ ಇಬ್ಬರು ತಮ್ಮಂದಿರಿಗೆ ಓದಿಸುತ್ತ, ನೀರು ತರುತ್ತ, ತನ್ನ ಪುಸ್ತಕ ತೆರೆಯದೇ ಉಳಿಯುತ್ತಾಳೆ. ಆಕೆಗೆ ದಿನಕ್ಕೆ ಇಪ್ಪತ್ತೇ ನಿಮಿಷದ ಜವಾಬ್ದಾರಿ ಎಂದು ಮನೆಯವರ ಎದುರೇ ಗೊತ್ತುಮಾಡಿ. ಆಕೆಯ ಓದಿನ ವೇಳೆಯನ್ನೂ ಅಲ್ಲೇ, ಅಪ್ಪನ ಬಾಯಿಂದಲೇ ಹೇಳಿಸಿ.

ಗುಳೆ ಹೊರಡುವ ಮನೆ

ಬೆಂಗಳೂರು, ಹೈದರಾಬಾದು, ಪುಣೆ, ಗೋವಾ ಎಲ್ಲಿಗೇ ಹೋಗಲಿ, ಹೊರಡುವ ಸುದ್ದಿ ಒಂದು ವಾರ ಮೊದಲೇ ಊರಲ್ಲಿ ಗೊತ್ತಿರುತ್ತದೆ. ಅಜ್ಜ-ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟುಹೋಗುವ ದಾರಿ ಇದೆಯೇ ಎಂದು ಮೊದಲು ಕೇಳಿ. ಇಲ್ಲವೆಂದರೆ ಗೂಟದ ಚೀಲವನ್ನು ಹಾಗೇ ಕೈಗೆ ಕೊಡಿ. ಪಠ್ಯಪುಸ್ತಕದ ಒಳಹೊದಿಕೆಯ ಮೇಲೆ ಕೆಡದ ಶಾಯಿಯಲ್ಲಿ ಬರೆಯಿರಿ: ಶಾಲೆಯ ಹೆಸರು, ತರಗತಿ, ಮಗುವಿನ ಎಸ್‌ಎಟಿಎಸ್ ನಂಬರು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಶಿಕ್ಷಕರ ಫೋನ್ ನಂಬರು. ಚೀಟಿಯಲ್ಲಿ ಬರೆದರೆ ಕಳೆಯುತ್ತದೆ, ಪುಸ್ತಕ ಕಳೆಯುವುದು ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಷದ ನಡುವೆ ಬಂದ ಮಗುವಿಗೂ ಸರ್ಕಾರಿ ಶಾಲೆ ಜಾಗ ಕೊಡಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಸೇರಿಸಿಕೊಳ್ಳದಿರುವಂತಿಲ್ಲ. ಇದನ್ನು ಅಪ್ಪನಿಗೆ ಎರಡು ಸಲ ಹೇಳಿ, ಅವರ ಬಾಯಿಂದ ಒಂದು ಸಲ ಹೇಳಿಸಿ.

ಗುಂಪಿನಿಂದ ಆ ನಂಬರನ್ನು ತೆಗೆಯಬೇಡಿ. ಭಾನುವಾರ ಸಂಜೆ ಕಟ್ಟಡದ ಕೆಲಸ ಬಿಡುವಾಗಿರುವ ಹೊತ್ತಿಗೆ ಒಂದು ಕರೆ: ‘ಎಲ್ಲಿದ್ದೀರಪ್ಪ, ಹುಡುಗಿ ಹತ್ರ ಕೊಡ್ರಿ.’ ಎರಡು ಸಾಲು ಓದಿಸಿ, ವಾರದ ಪುಟ ಹೇಳಿ. ಯುಗಾದಿಗೆ ಊರಿಗೆ ಬಂದವಳೇ ಶಾಲೆಯಲ್ಲಿ ಎಲ್ಲಿ ಕೂರಬೇಕೆಂದು ಆಕೆಗೂ ಗೊತ್ತಿರುತ್ತದೆ, ನಿಮಗೂ ಗೊತ್ತಿರುತ್ತದೆ.